ಆಸ್ಪತ್ರೆ ಹತ್ತಿರವೇ ಇದೆ, ಬಸ್ಸೂ ಇದೆ. ಆದರೂ ಗರ್ಭಿಣಿಯರ ತಪಾಸಣೆ ತಪ್ಪುವುದೇಕೆ? ಅಳೆಯುವುದು ಹೇಗೆ?

ನಕ್ಷೆಗಾರ (ಪ್ರಶ್ನೆ)

ಗರ್ಭಿಣಿಯರ ತಪಾಸಣೆ ಮತ್ತು ಹೆರಿಗೆ ಸೇವೆ ಜನರ ಕೈಗೆ ಎಷ್ಟು ಎಟಕುತ್ತಿದೆ ಎಂಬ ವರದಿ ತಯಾರಿಸಬೇಕು. ಸದ್ಯಕ್ಕೆ ಮಾಡಿರುವುದು ಇಷ್ಟು: ಪ್ರತಿ ಹಳ್ಳಿಯಿಂದ ಹತ್ತಿರದ ಹೆರಿಗೆ ಆಸ್ಪತ್ರೆಗೆ ರಸ್ತೆ ದೂರ ತೆಗೆದು, ಗಂಟೆಗೆ 40 ಕಿ.ಮೀ. ವೇಗ ಹಿಡಿದು, 2 ಗಂಟೆಯೊಳಗೆ ತಲುಪುವವರು ಎಷ್ಟು ಎಂದು ಲೆಕ್ಕ ಹಾಕಿದ್ದೇನೆ. ಆ ಲೆಕ್ಕದ ಪ್ರಕಾರ ಹೆಚ್ಚುಕಡಿಮೆ ಎಲ್ಲರೂ ಗೆರೆಯ ಒಳಗೇ ಬರುತ್ತಾರೆ. ರಿಜಿಸ್ಟರ್ ಮಾತ್ರ ಬೇರೆಯೇ ಹೇಳುತ್ತದೆ. ಮೊದಲ ತಪಾಸಣೆಗೆ ಬಂದವರಲ್ಲಿ ಅನೇಕರು ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬರುತ್ತಿಲ್ಲ. 15 ಕಿ.ಮೀ. ಒಳಗಿನ ಕೆಲವು ಹಳ್ಳಿಗಳು 30 ಕಿ.ಮೀ. ದೂರದವಕ್ಕಿಂತ ಹಿಂದಿವೆ. ಇಲ್ಲೆಲ್ಲ ಹೆಚ್ಚಿನ ಮನೆಗಳಲ್ಲಿ ಸ್ವಂತ ಗಾಡಿ ಇಲ್ಲ, ಬಸ್ಸೇ ಗತಿ.

ಬಸ್ಸನ್ನು ಲೆಕ್ಕಕ್ಕೆ ಸೇರಿಸುವ ಸರಿಯಾದ ಕ್ರಮ ಯಾವುದು? ತುರ್ತು ಹೆರಿಗೆಗೂ ಮಾಮೂಲಿ ತಪಾಸಣೆಗೂ ಒಂದೇ ಅಳತೆ ಸಾಕೇ? ಕೊನೆಗೆ ಬರೀ ನಕ್ಷೆ ಕೊಟ್ಟು ಕೂರದೆ ಏನನ್ನು ಬದಲಿಸಿ ಎಂದು ಬರೆಯಬಹುದು?

---

ಶೆಡ್ಯೂಲ್ ಮಾಸ್ತರ

ನೀವು ಹಿಡಿದಿರುವ 40 ಕಿ.ಮೀ. ಕಾರಿನ ವೇಗ. ಅದೂ ಮನೆ ಮುಂದೆ ಡ್ರೈವರ್ ಸಮೇತ ನಿಂತಿರುವ ಕಾರಿನದು. ಬಸ್ಸಿನಲ್ಲಿ ಹೋಗುವವರಿಗೆ ದೂರ ಮುಖ್ಯವಲ್ಲ. ಯಾವ ಟ್ರಿಪ್ಪು ಎಷ್ಟು ಹೊತ್ತಿಗೆ, ಕೂಡುಬಸ್ಸು ಸಿಗುತ್ತದೆಯೇ, ವಾಪಸ್ ಬರಲು ಕೊನೆಯ ಬಸ್ಸು ಎಷ್ಟಕ್ಕೆ, ಇವು ಮೂರೇ ಮುಖ್ಯ.

ನಿಮ್ಮ 15 ಮತ್ತು 30 ಕಿ.ಮೀ. ಒಗಟು ಬಹುಮಟ್ಟಿಗೆ ಇಲ್ಲೇ ಬಿಡಿಸಿಕೊಳ್ಳುತ್ತದೆ. 30 ಕಿ.ಮೀ. ದೂರದ ಹಳ್ಳಿ ಹೆದ್ದಾರಿಯ ಮೇಲಿದ್ದರೆ 20 ನಿಮಿಷಕ್ಕೊಂದು ನೇರ ಬಸ್ಸು ಇರುತ್ತದೆ. 15 ಕಿ.ಮೀ. ಹಳ್ಳಿ ಒಳರಸ್ತೆಯಲ್ಲಿದ್ದರೆ ದಿನಕ್ಕೆ ಮೂರು ಟ್ರಿಪ್ಪು, ಮಧ್ಯೆ ಒಂದು ಕಡೆ ಇಳಿದು ಹತ್ತಬೇಕು. ಕಾಲ್ಪನಿಕ ಅಂಕಿ ಹಾಕಿ ನೋಡಿ: ಮನೆಯಿಂದ ಸ್ಟಾಪಿಗೆ 20 ನಿಮಿಷ ನಡಿಗೆ, 8:40ರ ಬಸ್ಸು, 9:25ಕ್ಕೆ ಪೇಟೆ, 10ಕ್ಕೆ ಎರಡನೇ ಬಸ್ಸು, 10:25ಕ್ಕೆ ಇಳಿದು 10:35ಕ್ಕೆ ಆಸ್ಪತ್ರೆ ಗೇಟು. ರಕ್ತ ತೆಗೆಯುವುದು 10:30ಕ್ಕೇ ನಿಂತಿರುತ್ತದೆ. ಡಾಕ್ಟರ್ ನೋಡುವಷ್ಟರಲ್ಲಿ 12:45, 'ರಕ್ತಪರೀಕ್ಷೆಗೆ ನಾಳೆ ಬನ್ನಿ'. ಐದೇ ನಿಮಿಷದಲ್ಲಿ ತಪ್ಪಿದ್ದು ಇಡೀ ಒಂದು ದಿನ. ನಿಮ್ಮ ನಕ್ಷೆಯಲ್ಲಿ ಈ ಹಳ್ಳಿ 23 ನಿಮಿಷದ ಹಸಿರು ಚುಕ್ಕೆ.

ಹಾಗಾಗಿ ಅಳೆಯಬೇಕಾದದ್ದು ಪ್ರಯಾಣದ ಸಮಯವನ್ನಲ್ಲ, ಆಸ್ಪತ್ರೆಯೊಳಗೆ ಸಿಗುವ ಉಳಿಕೆ ಸಮಯವನ್ನು. ಮೊದಲ ಬಸ್ಸು ಹಿಡಿದವರು ಗೇಟು ತಲುಪುವ ಗಳಿಗೆಯಿಂದ, ಕೊನೆಯ ಸುರಕ್ಷಿತ ಬಸ್ಸಿಗೆ ಗೇಟಿನಿಂದ ಹೊರಡಬೇಕಾದ ಗಳಿಗೆಯವರೆಗೆ ಎಷ್ಟು ಗಂಟೆ? ಚೀಟಿ, ಕ್ಯೂ, ಲ್ಯಾಬ್, ಸ್ಕ್ಯಾನಿಂಗ್, ಔಷಧಿ ಎಲ್ಲ ಸೇರಿ ಎಷ್ಟು ಗಂಟೆ ಬೇಕು? ಮೊದಲನೆಯದು ಎರಡನೆಯದಕ್ಕಿಂತ ಕಡಿಮೆಯಾದ ಹಳ್ಳಿಗೆ ಸೇವೆ ಇಲ್ಲ ಎಂದೇ ಬರೆಯಿರಿ, ದೂರ ಎಷ್ಟೇ ಇರಲಿ.

ತಂತ್ರಾಂಶದ ಮಾತು. ವೇಳಾಪಟ್ಟಿ ಜಿಟಿಎಫ್‌ಎಸ್ ರೂಪದಲ್ಲಿ (ಬಸ್ಸಿನ ವೇಳೆಯನ್ನು ಕಂಪ್ಯೂಟರ್ ಓದಬಲ್ಲ ಕಡತ) ಇದ್ದರೆ ಓಪನ್‌ಟ್ರಿಪ್‌ಪ್ಲಾನರ್ ಅಥವಾ ಆರ್5 ಎಂಬ ಪ್ರಯಾಣ ಲೆಕ್ಕದ ತಂತ್ರಾಂಶ ಹಾಕಿಕೊಳ್ಳಿ. ಇಲ್ಲದಿದ್ದರೆ ಡಿಪೋದ ಫಾರಂ ನೋಡಿ ಸ್ಟಾಪು ಮತ್ತು ಟ್ರಿಪ್ಪಿನ ಪಟ್ಟಿಯನ್ನು ನೀವೇ ಟೈಪ್ ಮಾಡಿ. ಒಂದು ತಾಲ್ಲೂಕಿನಷ್ಟು ಜಾಗವಾದರೆ ಅದು ದೊಡ್ಡ ಕೆಲಸವೇನಲ್ಲ. ಸಾಮಾನ್ಯವಾಗಿ ಕೆಡುವುದು ಇಲ್ಲಿ:

ಒಂದೇ ಹೊರಡುವ ಸಮಯ ಕೊಟ್ಟು ಓಡಿಸುತ್ತಾರೆ. ಬೆಳಿಗ್ಗೆ 8 ಎಂದು ಕೊಟ್ಟರೆ 8:05ರ ಬಸ್ಸಿರುವ ಹಳ್ಳಿ ಗೆಲ್ಲುತ್ತದೆ, 7:55ರ ಬಸ್ಸಿರುವ ಹಳ್ಳಿ ಸೋಲುತ್ತದೆ. 6ರಿಂದ 10ರವರೆಗೆ ನಿಮಿಷ ನಿಮಿಷಕ್ಕೂ ಓಡಿಸಿ, ಮಧ್ಯಾಂಕ ಮತ್ತು ಅತಿ ಕೆಟ್ಟ ಸಮಯ ಎರಡನ್ನೂ ತೆಗೆಯಿರಿ.

ನಡಿಗೆಯ ವೇಗವನ್ನು ಯಾರೂ ಮುಟ್ಟುವುದಿಲ್ಲ. ಓಪನ್‌ಟ್ರಿಪ್‌ಪ್ಲಾನರ್ ತಾನಾಗಿ ಹಿಡಿಯುವುದು ಸೆಕೆಂಡಿಗೆ 1.33 ಮೀಟರ್. ಆ ವೇಗದಲ್ಲಿ 1 ಕಿ.ಮೀ.ಗೆ ಹನ್ನೆರಡೂವರೆ ನಿಮಿಷ. ಎಂಟು ತಿಂಗಳ ಬಸುರಿಗೆ 0.9 ಇಟ್ಟು ನೋಡಿ, ಹದಿನೆಂಟೂವರೆ ನಿಮಿಷವಾಗುತ್ತದೆ. ದಿನಕ್ಕೆ ಮೂರೇ ಬಸ್ಸಿರುವ ಕಡೆ ಆ ಆರು ನಿಮಿಷ ಕೂಡುಬಸ್ಸನ್ನೇ ತಪ್ಪಿಸಬಹುದು.

ಇನ್ನು ಪಟ್ಟಿಯಲ್ಲಿರುವ ಅಂತರವನ್ನು ನಂಬುವುದು. ಗಂಟೆಗೆ ಎರಡು ಬಸ್ಸು ಸರಿಯಾಗಿ ಅರ್ಧ ಗಂಟೆಗೊಂದರಂತೆ ಬಂದರೆ ಸರಾಸರಿ ಕಾಯುವಿಕೆ 15 ನಿಮಿಷ. ಅದೇ ಎರಡು ಬಸ್ಸು 5 ನಿಮಿಷ, 55 ನಿಮಿಷದ ಅಂತರದಲ್ಲಿ ಬಂದರೆ 25 ನಿಮಿಷ ದಾಟುತ್ತದೆ. ಬಸ್ಸಿನ ಸಂಖ್ಯೆ ಅಷ್ಟೇ, ಕಾಯುವುದು ಮಾತ್ರ ಹೆಚ್ಚು. ಡಿಪೋಗೆ ರದ್ದಾದ ಟ್ರಿಪ್ಪುಗಳ ಲೆಕ್ಕವನ್ನೂ ಕೇಳಿ. ಮೊದಲು ರದ್ದಾಗುವುದು ಸಾಮಾನ್ಯವಾಗಿ ಕಲೆಕ್ಷನ್ ಕಡಿಮೆಯಿರುವ ಒಳರಸ್ತೆಯ ಟ್ರಿಪ್ಪು.

ಇನ್ನೊಂದು, 'ಹತ್ತಿರದ ಆಸ್ಪತ್ರೆ' ಎಂಬ ಊಹೆ. ಬಸ್ಸುಗಳೆಲ್ಲ ಪೇಟೆಗೆ ಹೋಗಿ ಪೇಟೆಯಿಂದ ಬರುತ್ತವೆ. ಪಕ್ಕದ ಕೇಂದ್ರ 6 ಕಿ.ಮೀ. ಇದ್ದರೂ ಅಡ್ಡದಾರಿಗೆ ಬಸ್ಸಿಲ್ಲದಿದ್ದರೆ ಪೇಟೆ ಸುತ್ತಿಕೊಂಡು 25 ಕಿ.ಮೀ. ಹೋಗಬೇಕು. ಯಾವ ಹಳ್ಳಿ ಯಾವ ಆಸ್ಪತ್ರೆಗೆ ಸೇರುತ್ತದೆ ಎಂಬ ಗಡಿಯನ್ನು ರೂಟಿನ ಮೇಲೆ ಎಳೆಯಿರಿ, ವೃತ್ತ ಹಾಕಿ ಎಳೆಯಬೇಡಿ.

---

ಲೇಬರ್ ವಾರ್ಡ್

ಎರಡನೇ ಪ್ರಶ್ನೆಗೆ: ಒಂದೇ ಅಳತೆ ಸಾಲದು, ಖಂಡಿತ. ತೊಡಕು ಶುರುವಾದ ಮೇಲೆ ಚಿಕಿತ್ಸೆ ಸಿಗದಿದ್ದರೆ ಸಾವಿಗೆ ಸುಮಾರು ಎಷ್ಟು ಹೊತ್ತು ಎಂಬ ಹಳೆಯ, ಈಗಲೂ ಬಳಕೆಯಲ್ಲಿರುವ ಅಂದಾಜು ಹೀಗಿದೆ: ಹೆರಿಗೆಯ ನಂತರದ ರಕ್ತಸ್ರಾವಕ್ಕೆ 2 ಗಂಟೆ, ಹೆರಿಗೆಗೆ ಮೊದಲಿನ ರಕ್ತಸ್ರಾವಕ್ಕೆ 12 ಗಂಟೆ, ಗರ್ಭಕೋಶ ಒಡೆದರೆ 1 ದಿನ, ಗರ್ಭನಂಜು (ಬಿ.ಪಿ. ವಿಪರೀತ ಏರುವುದು) ಹೆಚ್ಚಾಗಿ ಫಿಟ್ಸ್ ಬಂದರೆ 2 ದಿನ, ಹೆರಿಗೆ ತಡೆದು ನಿಂತರೆ 3 ದಿನ, ಸೋಂಕಿಗೆ 6 ದಿನ. ಇವು ಸರಾಸರಿಗಳು, ಕಾಯಬಹುದು ಎಂಬ ರಿಯಾಯಿತಿ ಅಲ್ಲ.

ಈ ಸಾಲನ್ನು ಬಸ್ಸಿನ ಪಟ್ಟಿಯ ಪಕ್ಕ ಇಟ್ಟು ನೋಡಿ. ರಕ್ತಸ್ರಾವಕ್ಕೆ ಬಸ್ಸು ಉತ್ತರವೇ ಅಲ್ಲ. ಅದಕ್ಕೆ ಹೆರಿಗೆಯಾಗುವ ಜಾಗದಲ್ಲೇ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ 10 ಯೂನಿಟ್ ಇರಬೇಕು, ಮುಂದಕ್ಕೆ ಕಳಿಸಲು ವಾಹನ ನಿಂತಿರಬೇಕು. ಆದರೆ ಬಾಣಂತಿಯ ಸೋಂಕು, ಏರುತ್ತಿರುವ ಬಿ.ಪಿ., ರಕ್ತಹೀನತೆ ಇವೆಲ್ಲ ದಿನಗಳ, ವಾರಗಳ ಲೆಕ್ಕದವು. ಇವುಗಳಲ್ಲಿ ಬಸ್ಸು ಜೀವ ಉಳಿಸುತ್ತದೆ, ಏಕೆಂದರೆ ಬಸ್ಸಿದ್ದರೆ ಬೇಗ ಬರುತ್ತಾರೆ. ರಕ್ತಹೀನತೆ ಇರುವವಳಿಗೆ ಸ್ವಲ್ಪ ರಕ್ತ ಹೋದರೂ ಅಪಾಯ. ಅಂದರೆ ತುರ್ತಿನ ರಾತ್ರಿ ಏನಾಗುತ್ತದೆ ಎನ್ನುವುದು ಆರನೇ ತಿಂಗಳಲ್ಲಿ ತಪ್ಪಿದ ಬಸ್ಸಿನ ಮೇಲೂ ನಿಂತಿದೆ. 'ಸಾರಿಗೆ ಎಂದರೆ ಆಂಬುಲೆನ್ಸ್' ಎಂದುಕೊಂಡ ವರದಿಗಳಲ್ಲಿ ಈ ಕೊಂಡಿ ಕಾಣುವುದಿಲ್ಲ.

1994ರಲ್ಲಿ ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ ಹೇಳಿದ ಮೂರು ವಿಳಂಬಗಳು ನಿಮಗೆ ಗೊತ್ತಿರುತ್ತವೆ: ಹೋಗಲು ನಿರ್ಧರಿಸುವುದು, ತಲುಪುವುದು, ತಲುಪಿದ ಮೇಲೆ ಚಿಕಿತ್ಸೆ ಸಿಗುವುದು. ಸಾರಿಗೆಯನ್ನು ಎರಡನೆಯದಕ್ಕೆ ಮಾತ್ರ ಕಟ್ಟಿಹಾಕಬೇಡಿ. ಬಸ್ಸಿಲ್ಲ ಎಂದು ಗೊತ್ತಿದ್ದವರು ಹೋಗುವ ಯೋಚನೆಯನ್ನೇ ಮಾಡುವುದಿಲ್ಲ, ಅದು ಮೊದಲನೆಯದು. ನರ್ಸೂ ಲ್ಯಾಬ್ ಟೆಕ್ನಿಷಿಯನ್ನೂ ಅದೇ ಬಸ್ಸಿಗೆ ಬಂದು ಅದೇ ಕೊನೆಯ ಬಸ್ಸಿಗೆ ಹೋಗುವವರಾದರೆ, ಅದು ಮೂರನೆಯದು.

ಇನ್ನು ಭೇಟಿಗಳು. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಕನಿಷ್ಠ 8 ಭೇಟಿ ಎನ್ನುತ್ತದೆ: 12, 20, 26, 30, 34, 36, 38, 40ನೇ ವಾರ. ಗಮನಿಸಿ, ಎಂಟರಲ್ಲಿ ಐದು ಕೊನೆಯ ಹತ್ತು ವಾರದಲ್ಲಿವೆ, ಮೆಟ್ಟಿಲು ಹತ್ತಲೂ ಏದುಸಿರು ಬರುವ ಹೊತ್ತಿನಲ್ಲಿ. ಎರಡು ಬಸ್ಸು ಬದಲಿಸುವ ಹಳ್ಳಿಯಿಂದ ಜೊತೆಗೊಬ್ಬರನ್ನು ಕರೆದುಕೊಂಡು ಬಂದರೆ ಒಂದು ಭೇಟಿಗೆ 8 ಟಿಕೆಟ್, ಎಂಟು ಭೇಟಿಗೆ 64. 'ಇನ್ನೊಮ್ಮೆ ಬನ್ನಿ' ಅಂದರೆ ಅದು ಲೆಕ್ಕದಿಂದ ಹೊರಗೆ. ಆದ್ದರಿಂದ ಆಸ್ಪತ್ರೆಯೇ ಕಡಿಮೆ ಮಾಡಬಹುದಾದ ಓಡಾಟ ಎಷ್ಟು ಎಂದು ಮೊದಲು ಹುಡುಕಿ.

ರಕ್ತಹೀನತೆಗೆ ಕೊಡುವ ಐರನ್ ಸುಕ್ರೋಸ್ ಡ್ರಿಪ್ ಸಾಮಾನ್ಯವಾಗಿ ಒಂದು ಸಲಕ್ಕೆ 200 ಮಿ.ಗ್ರಾಂ. 1000 ಮಿ.ಗ್ರಾಂ. ಬೇಕಿದ್ದವಳು ಐದು ಸಲ ಬರಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಇನ್ನೊಂದು ಕಬ್ಬಿಣದ ಔಷಧಿ ಆದರೆ ತೂಕ ನೋಡಿಕೊಂಡು ಒಂದೇ ಸಲಕ್ಕೆ 1000 ಮಿ.ಗ್ರಾಂ. ವರೆಗೆ ಕೊಡಬಹುದು: 15 ನಿಮಿಷದ ಡ್ರಿಪ್, ಆಮೇಲೆ 30 ನಿಮಿಷ ನಿಗಾ. ಎರಡನ್ನೂ ಮೊದಲ ಮೂರು ತಿಂಗಳು ಕೊಡುವುದಿಲ್ಲ. ಔಷಧಿಯ ಬೆಲೆ ಹೋಲಿಸುವವರು ನಾಲ್ಕು ಪ್ರಯಾಣದ ಬೆಲೆಯನ್ನೂ ಸೇರಿಸಿ ಹೋಲಿಸಬೇಕು. ಸುಕ್ರೋಸ್ ಅಗ್ಗ ಎಂಬ ವಾದ ಅನೇಕ ಸಲ ಇಲ್ಲೇ ಬಿದ್ದುಹೋಗುತ್ತದೆ.

ಸಕ್ಕರೆ ಪರೀಕ್ಷೆಯೂ ಹೀಗೆಯೇ. 24ರಿಂದ 28ನೇ ವಾರದ ಪರೀಕ್ಷೆಗೆ ರಾತ್ರಿಯಿಂದ ಕನಿಷ್ಠ 8 ಗಂಟೆ ಖಾಲಿಹೊಟ್ಟೆ, ಒಮ್ಮೆ ರಕ್ತ, 75 ಗ್ರಾಂ ಗ್ಲೂಕೋಸ್, ಮತ್ತೆ 1 ಗಂಟೆಗೆ, 2 ಗಂಟೆಗೆ ರಕ್ತ. 10:35ಕ್ಕೆ ಗೇಟು ತಲುಪುವವಳು ಖಾಲಿಹೊಟ್ಟೆಯಲ್ಲಿ ಎರಡು ಬಸ್ಸು ಹತ್ತಿ ಬರಬೇಕು, ದಾರಿಯಲ್ಲೇ ವಾಂತಿ, ತಲೆಸುತ್ತು. ಮುಂದಿನ ಸಲ ಬರುವುದಿಲ್ಲ. ಊಟಕ್ಕೆ ಸಂಬಂಧವಿಲ್ಲದೆ 75 ಗ್ರಾಂ ಕೊಟ್ಟು 2 ಗಂಟೆಯ ನಂತರ ಒಂದೇ ಸಲ ರಕ್ತ ನೋಡುವ ವಿಧಾನ ಕೆಲವೆಡೆ ಅಂಗೀಕೃತವಾಗಿದೆ. ನಿಮ್ಮಲ್ಲಿ ಒಪ್ಪಿದ್ದರೆ ದೂರದವರಿಗೆ ಅದೇ ಸರಿ.

ಬಿ.ಪಿ. ಬಗ್ಗೆ ಒಂದು ಮಾತು. ಬಸ್ಸಿಳಿದು ಓಡಿ ಬಂದವಳಿಗೆ ಕೂಡಲೇ ಪಟ್ಟಿ ಕಟ್ಟಿದರೆ ಹೆಚ್ಚೇ ತೋರಿಸುತ್ತದೆ. ದಾರಿಯಲ್ಲಿ ಶೌಚಾಲಯ ಸಿಗದೆ ಮೂತ್ರ ಕಟ್ಟಿಕೊಂಡಿದ್ದರೂ ಹಾಗೆಯೇ. ಶೌಚಕ್ಕೆ ಹೋಗಿ ಬರಲಿ, ಬೆನ್ನಿಗೆ ಆಸರೆಯಿಟ್ಟು 5 ನಿಮಿಷ ಕೂರಲಿ, ಆಮೇಲೆ ನೋಡಿ. ಇಷ್ಟು ಮಾಡದೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರೆ ಇನ್ನೆರಡು ಬಸ್ಸು ಸುಮ್ಮನೆ.

ಹೆರಿಗೆ ನೋವಿನ ವಿಷಯ ಇನ್ನೂ ಸೂಕ್ಷ್ಮ. 'ನೋವು 5 ನಿಮಿಷಕ್ಕೊಮ್ಮೆ, ಒಂದೊಂದೂ 1 ನಿಮಿಷ, ಹೀಗೆ 1 ಗಂಟೆ ಆದ ಮೇಲೆ ಹೊರಡಿ' ಎಂಬ ನಿಯಮ ಆಸ್ಪತ್ರೆ ಅರ್ಧ ಗಂಟೆಯೊಳಗೆ ಇರುವವರಿಗೆ. ಎರಡು ಬಸ್ಸು ದೂರದವರು, ಅದರಲ್ಲೂ ಎರಡನೇ ಮೂರನೇ ಹೆರಿಗೆಯವರು, ಅದನ್ನು ಹಿಡಿದು ಕೂತರೆ ಹೆರಿಗೆ ದಾರಿಯಲ್ಲೇ. ಬೇಗ ಬಂದರೆ ಇನ್ನೊಂದು ಪೀಕಲಾಟ: ಗರ್ಭಕೋಶದ ಬಾಯಿ 2-3 ಸೆಂ.ಮೀ. ಮಾತ್ರ ತೆರೆದಿದೆ, ಮನೆಗೆ ಹೋಗಿ ಬನ್ನಿ ಎನ್ನುತ್ತಾರೆ. ಹೆರಿಗೆಯ ಸಕ್ರಿಯ ಹಂತ 5 ಸೆಂ.ಮೀ.ಯಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದು ಅನಾವಶ್ಯಕ ಹಸ್ತಕ್ಷೇಪ ತಪ್ಪಿಸಲು. ಕೊನೆಯ ಬಸ್ಸು ಹೋದ ಮೇಲೆ ಗೇಟಿನಿಂದಾಚೆ ಕಳಿಸಲು ಅಲ್ಲ. ವಾರ್ಡಿನ ನಿಯಮದಲ್ಲಿ ಒಂದು ಸಾಲು ಸೇರಿಸಿ: ವಾಪಸ್ ಕಳಿಸುವ ಮುನ್ನ ಹೇಗೆ ಹೋಗುತ್ತೀರಿ, ಹೇಗೆ ಮತ್ತೆ ಬರುತ್ತೀರಿ ಎಂದು ಕೇಳಬೇಕು. ಉತ್ತರ ಇಲ್ಲದಿದ್ದರೆ ಕಾಯುವ ಕೋಣೆಯಲ್ಲಿ ಹಾಸಿಗೆ.

ಬಸ್ಸು ಹತ್ತಲೇಬಾರದ ಸಂದರ್ಭಗಳನ್ನು ತಾಯಿ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಹಾಕಿ: ರಕ್ತ ಹೋಗುವುದು, ಫಿಟ್ಸ್, ಕಣ್ಣು ಮಂಜಾಗಿ ವಿಪರೀತ ತಲೆನೋವು, ನೀರು ಒಡೆದು ಹೊಕ್ಕುಳಬಳ್ಳಿ ಕೈಗೆ ಸಿಕ್ಕುವುದು, ಜ್ವರದೊಂದಿಗೆ ಉಸಿರಾಟದ ಕಷ್ಟ. ಇವಕ್ಕೆ ವಾಹನವೇ ಬರಬೇಕು. ತೀವ್ರ ಗರ್ಭನಂಜಿನವಳನ್ನು ಸಣ್ಣ ಕೇಂದ್ರದಿಂದ ಕಳಿಸುವಾಗ ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸ್ (4 ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ, ಜೊತೆಗೆ ಎರಡೂ ಪೃಷ್ಠಕ್ಕೆ 5-5 ಗ್ರಾಂ) ಕೊಟ್ಟೇ ಕಳಿಸಬೇಕು. ಎಡ ಮಗ್ಗುಲಿಗೆ ಮಲಗಿಸಿ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ. ಗಾಡಿ ಎಷ್ಟೇ ಬೇಗ ಬಂದರೂ ಈ ಚುಚ್ಚುಮದ್ದಿಗೆ ಅದು ಬದಲಿ ಅಲ್ಲ.

---

ನಕ್ಷೆಗಾರ

ಉಳಿಕೆ ಸಮಯದ ಅಳತೆ ಬಹಳ ಉಪಯೋಗ. ಹಾಗಾದರೆ ಶಿಫಾರಸಿನಲ್ಲಿ ಏನು ಬರೆಯಲಿ? ಗರ್ಭಿಣಿಯರಿಗೆ ಉಚಿತ ಪಾಸ್, ರಾತ್ರಿ ಬಸ್ಸು, ಈ ಎರಡನ್ನು ಎಲ್ಲರೂ ಹೇಳುತ್ತಿದ್ದಾರೆ.

---

ಶೆಡ್ಯೂಲ್ ಮಾಸ್ತರ

ರಾತ್ರಿ ಬಸ್ಸು ಬರೆಯಬೇಡಿ. ಒಂದು ಹಳ್ಳಿಯಲ್ಲಿ ರಾತ್ರಿ ಹೆರಿಗೆ ತಿಂಗಳಿಗೆ ಒಂದೋ ಎರಡೋ. ಅದಕ್ಕಾಗಿ ಬಸ್ಸು ಓಡಿಸಿದರೆ ಮೂರು ತಿಂಗಳೊಳಗೆ ನಿಲ್ಲಿಸುತ್ತಾರೆ, ಓಡುವಾಗಲೂ ಬೇಕಾದ ಗಳಿಗೆಗೆ ಅದು ಆ ಸ್ಟಾಪಿನಲ್ಲಿ ಇರುವುದಿಲ್ಲ. ರಾತ್ರಿಗೆ ಊರಿನ ಬಾಡಿಗೆ ಗಾಡಿಗಳ ಪಟ್ಟಿ, ಮೊದಲೇ ಒಪ್ಪಿದ ದರ, ಚಾಲಕನಿಗೆ ಆಸ್ಪತ್ರೆ ಗೇಟಿನಲ್ಲೇ ಹಣ. ಈ ಮೂರನೆಯದು ತಪ್ಪಿದರೆ ಪಟ್ಟಿ ಗೋಡೆಯ ಮೇಲೆಯೇ ಉಳಿಯುತ್ತದೆ. ಬಿಲ್ಲು ತಿಂಗಳುಗಟ್ಟಲೆ ಬಾಕಿಯಾದರೆ ಮುಂದಿನ ಕರೆಗೆ ಚಾಲಕ ಫೋನ್ ಎತ್ತುವುದಿಲ್ಲ, ಎತ್ತದೇ ಇರುವುದು ತಪ್ಪೂ ಅಲ್ಲ.

ಪಾಸ್ ಒಳ್ಳೆಯದೇ, ಆದರೆ ಟ್ರಿಪ್ಪೇ ಇಲ್ಲದ ಕಡೆ ಪಾಸ್ ಇಟ್ಟುಕೊಂಡು ಏನು ಮಾಡುವುದು? ಕೊಡುವುದಾದರೆ ಜೊತೆಗೆ ಬರುವವರಿಗೂ ಕೊಡಿ. ಪಾಸ್ ಮಾಡಿಸಲು ಪೇಟೆಗೆ ಬರಬೇಕು ಎಂಬ ಷರತ್ತು ಹಾಕಬೇಡಿ. ತಾಯಿ ಕಾರ್ಡನ್ನೇ ಕಂಡಕ್ಟರ್ ಒಪ್ಪಲಿ.

ಇರುವ ಟ್ರಿಪ್ಪಿನ ಸಮಯ ಸರಿಸುವುದು ಎಲ್ಲಕ್ಕಿಂತ ಅಗ್ಗ. 8:40ರದ್ದನ್ನು 8ಕ್ಕೆ ತಂದರೆ ಹೊಸ ಬಸ್ಸು ಬೇಡ, ಹೊಸ ಸಿಬ್ಬಂದಿ ಬೇಡ. ಆದರೆ ಡಿಪೋಗೆ ಹೋಗುವ ಮುನ್ನ ಆ ಟ್ರಿಪ್ಪಿನಲ್ಲಿ ಶಾಲೆ ಮಕ್ಕಳು ಎಷ್ಟು, ಅವರಿಗೆ 8 ಗಂಟೆ ಆಗುತ್ತದೆಯೇ ನೋಡಿ. ಅದನ್ನು ನೋಡದೆ ಹೋದ ಅರ್ಜಿ ಅಲ್ಲೇ ಬೀಳುತ್ತದೆ. ಬಸ್ಸು ರಾತ್ರಿ ಹಳ್ಳಿಯಲ್ಲೇ ತಂಗುವ ನೈಟ್ ಹಾಲ್ಟ್ ಶೆಡ್ಯೂಲ್ ಆದರೆ ಬೆಳಗಿನ ಮೊದಲ ಟ್ರಿಪ್ಪು ತಾನಾಗಿ ಬೇಗ ಸಿಗುತ್ತದೆ, ಡಿಪೋಗೆ ಖಾಲಿ ಓಟವೂ ಉಳಿಯುತ್ತದೆ. ಸಿಬ್ಬಂದಿಗೆ ಮಲಗಲು ಜಾಗ, ನೀರು, ಶೌಚಾಲಯ ಯಾರು ಕೊಡುತ್ತಾರೆ ಎಂಬುದನ್ನು ಊರಿನವರಿಂದ ಬರೆಸಿಕೊಂಡು ಹೋಗಿ.

ಡಿಪೋ ಒಪ್ಪದಿದ್ದರೆ ಆಸ್ಪತ್ರೆ ಒಪ್ಪಲಿ. ರಕ್ತ ತೆಗೆಯುವುದನ್ನು 10:30ರ ಬದಲು 11:15ರವರೆಗೆ ನಡೆಸುವುದು, ಬೇಗ ಹೊರಡುವ ಕೊನೆಯ ಬಸ್ಸಿನವರಿಗೆ ಮೊದಲ ಟೋಕನ್ ಕೊಡುವುದು, ಒಂದೊಂದು ರೂಟಿನವರಿಗೆ ಒಂದೊಂದು ದಿನ ಇಟ್ಟು ಆ ದಿನವೇ ಸ್ಕ್ಯಾನಿಂಗ್ ಮತ್ತು ಲ್ಯಾಬ್ ಸೇರಿಸುವುದು. ವೇಳಾಪಟ್ಟಿಯನ್ನು ಚೀಟಿ ಕೌಂಟರಿನಲ್ಲಿ ಅಂಟಿಸಿದರೆ ಗುಮಾಸ್ತರೇ ಅದನ್ನು ನೋಡಿ ದಿನ ಕೊಡಬಹುದು.

ಕೊನೆಯ ವಾರಗಳಿಗೆ ಆಸ್ಪತ್ರೆ ಪಕ್ಕದಲ್ಲೇ ಕಾಯುವ ಮನೆ ಇನ್ನೊಂದು ದಾರಿ. ಕ್ಯೂಬಾದಲ್ಲಿ ಇಂಥ ತಾಯಿಮನೆಗಳು 1962ರಿಂದ ನಡೆದಿವೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಷರತ್ತಿನೊಂದಿಗೆ ಶಿಫಾರಸು ಮಾಡಿದೆ, ಪುರಾವೆ ಇನ್ನೂ ದುರ್ಬಲ ಎಂದೂ ಹೇಳಿದೆ. ಖಾಲಿ ಬೀಳುವುದಕ್ಕೆ ಮಾಮೂಲಿ ಕಾರಣ ಅಡುಗೆ ವ್ಯವಸ್ಥೆ ಇಲ್ಲದಿರುವುದು ಮತ್ತು ದೊಡ್ಡ ಮಕ್ಕಳನ್ನು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎನ್ನುವುದು.

---

ಕಾಲಂ ಹತ್ತು

ಅಂಕಿಅಂಶದ ಕಡೆಯಿಂದ ಎರಡು ಎಚ್ಚರಿಕೆ. ನಿಮ್ಮ ರಿಜಿಸ್ಟರಿನಲ್ಲಿ ಬಂದವರು ಮಾತ್ರ ಇದ್ದಾರೆ. ಬಸ್ಸಿಲ್ಲದೆ ಒಮ್ಮೆಯೂ ಬಾರದವಳು ಅದರಲ್ಲಿಲ್ಲ. ಆದ್ದರಿಂದ ಭಾಗಿಸುವ ಸಂಖ್ಯೆಯನ್ನು ಮನೆಮನೆಯ ಗರ್ಭಿಣಿಯರ ಪಟ್ಟಿಯಿಂದ ಅಥವಾ ಜನನ ನೋಂದಣಿಯಿಂದ ತೆಗೆದುಕೊಳ್ಳಿ. ಎರಡನೆಯದಾಗಿ, ಬಸ್ಸು ಕಡಿಮೆಯಿರುವ ಹಳ್ಳಿ ಸಾಮಾನ್ಯವಾಗಿ ಬಡ ಹಳ್ಳಿಯೂ ಹೌದು, ರಸ್ತೆ ಕೆಟ್ಟದ್ದೂ ಹೌದು. ಇಂದಿನ ಒಂದು ಚಿತ್ರ ನೋಡಿ 'ಬಸ್ಸಿನಿಂದಲೇ' ಎನ್ನಲಾಗದು. ಟ್ರಿಪ್ಪು ಹೆಚ್ಚಾದ ಅಥವಾ ನಿಂತ ಹಳ್ಳಿಗಳನ್ನು ಹುಡುಕಿ, ಅದರ ಹಿಂದಿನ ಮುಂದಿನ 6 ತಿಂಗಳ ಹಾಜರಿಯನ್ನು ಬದಲಾವಣೆ ಆಗದ ಅಂಥದೇ ಹಳ್ಳಿಗಳ ಜೊತೆ ಹೋಲಿಸಿ. ಎರಡೂ ಗುಂಪಿನ ಹಳ್ಳಿಗಳ ಮಳೆಗಾಲವೂ ಒಂದೇ ಆಗಿರಲಿ.

ಚೀಟಿ ಬರೆಯುವಲ್ಲೇ ಮೂರು ಕಾಲಂ ಸೇರಿಸಿದರೆ ಮುಂದಿನ ವರ್ಷ ತಂತ್ರಾಂಶದ ಅಂದಾಜು ಲೆಕ್ಕ ಬೇಕಾಗುವುದೇ ಇಲ್ಲ: ಮನೆ ಬಿಟ್ಟ ಸಮಯ, ಎಷ್ಟು ವಾಹನ ಬದಲಿಸಿದಿರಿ, ವಾಪಸ್ ಹೋಗುವ ಬಸ್ಸು ಎಷ್ಟಕ್ಕೆ. ಮೂರೂ ಸೇರಿ ಅರ್ಧ ನಿಮಿಷದ ಕೆಲಸ. 'ಹೇಗೆ ಬಂದಿರಿ' ಎಂದು ಮಾತ್ರ ಕೇಳಬೇಡಿ, ಎಲ್ಲರೂ ಕೊನೆಗೆ ಹತ್ತಿದ ಆಟೋ ಹೆಸರು ಹೇಳುತ್ತಾರೆ, ಅದಕ್ಕೆ ಮೊದಲಿನ ಬಸ್ಸು ದಾಖಲೆಗೇ ಬರುವುದಿಲ್ಲ.

---

ಲೇಬರ್ ವಾರ್ಡ್

ಒಂದು ಸೇರಿಸುತ್ತೇನೆ: ವರದಿ ಹೆರಿಗೆಗೆ ನಿಲ್ಲದಿರಲಿ. ಹೆರಿಗೆಯಾದ ಮೇಲೆ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ, ಆಮೇಲೆ 48-72 ಗಂಟೆಗೆ, 7-14ನೇ ದಿನಕ್ಕೆ, 6ನೇ ವಾರಕ್ಕೆ ತಾಯಿ ಮಗು ಇಬ್ಬರನ್ನೂ ನೋಡಬೇಕು. ಮೊದಲೆರಡನ್ನು ಮನೆಗೇ ಹೋಗಿ ಮಾಡಬಹುದು, ಹೊಲಿಗೆ ಹಾಕಿಸಿಕೊಂಡ ಬಾಣಂತಿಯನ್ನು ಬಸ್ಸಿನ ಮೆಟ್ಟಿಲು ಹತ್ತಿಸುವುದಕ್ಕಿಂತ ಅದೇ ಮೇಲು. ಸೋಂಕು ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ದಿನಗಳಲ್ಲಿ.

ಮಗು ನವಜಾತ ಶಿಶು ಘಟಕದಲ್ಲಿದ್ದು ತಾಯಿಗೆ ಡಿಸ್ಚಾರ್ಜ್ ಆದ ಸಂದರ್ಭವನ್ನೂ ಪ್ರತ್ಯೇಕ ಲೆಕ್ಕ ಹಾಕಿ. ಅವಳು ದಿನವೂ ಬರಬೇಕು, ಯಾವ ಯೋಜನೆಯ ಪಾಸೂ ಆಗ ಅವಳಿಗೆ ಅನ್ವಯಿಸದೆ ಹೋಗುತ್ತದೆ, ಏಕೆಂದರೆ ಅವಳೀಗ ಗರ್ಭಿಣಿ ಅಲ್ಲ. ಉಳಿಯಲು ಹಾಸಿಗೆ ಕೊಡುವುದೇ ಸರಿ. ಅದು ಆಗದಿದ್ದರೆ ಹಿಂಡಿದ ಹಾಲನ್ನು ಮನೆಯವರ ಕೈಲಿ ಬಸ್ಸಿನಲ್ಲಿ ಕಳಿಸಬಹುದು: ಹೊರಗಿನ ತಾಪ 25 ಡಿಗ್ರಿಯೊಳಗಿದ್ದರೆ ತಾಜಾ ಹಾಲು 4 ಗಂಟೆ ತಡೆಯುತ್ತದೆ, ಐಸ್ ಪ್ಯಾಕ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿ 24 ಗಂಟೆ. ಬಾಟಲಿಯ ಮೇಲೆ ಹೆಸರಿನ ಜೊತೆ ಹಿಂಡಿದ ಸಮಯ ಬರೆದಿರಲಿ, ಬಸ್ಸು ಹೊರಟ ಸಮಯವನ್ನಲ್ಲ.